ಪದಚರ್ಚೆ: ಸ್ಪಾರ್ಟಾದ ‘ಎನೊಮೊಟಿಯಾ’ಕ್ಕೆ ಕನ್ನಡದಲ್ಲಿ ಏನನ್ನೋಣ?

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ಗ್ರೀಕ್ ಇತಿಹಾಸಕಾರ ಥುಸಿಡಿಡಿಸ್ ಬರೆದ ಮ್ಯಾಂಟಿನಿಯ ಕದನದ ಭಾಗವನ್ನು (ಕ್ರಿ.ಪೂ. 418) ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಸ್ಪಾರ್ಟಾದ ಅರಸ ದಂಡಿನ ಜೊತೆಗಿದ್ದರೆ ಅಪ್ಪಣೆಯೆಲ್ಲ ಅವನಿಂದಲೇ ಹೊರಡುತ್ತದೆ. ಅವನು ಪೊಲೆಮಾರ್ಕರಿಗೆ (ಅರಸನ ಕೈಕೆಳಗಿನ ಹಿರಿಯ ಅಧಿಕಾರಿಗಳು) ಹೇಳುತ್ತಾನೆ, ಅವರು ಲೊಖಾಗರಿಗೆ (ಲೊಖೋಸ್ ಎಂಬ ದೊಡ್ಡ ತಂಡದ ಮುಖಂಡರು), ಅವರು ಪೆಂಟೆಕೊಂಟರರಿಗೆ (ಲೊಖೋಸಿನೊಳಗಿನ ಪೆಂಟೆಕೋಸ್ಟಿಸ್ ಎಂಬ ತಂಡದ ಮುಖಂಡರು), ಅವರು ಎನೊಮೊಟಾರ್ಕರಿಗೆ. ಅಲ್ಲಿಂದ ಎನೊಮೊಟಿಯಾಕ್ಕೆ. ಇದು ಎಲ್ಲಕ್ಕಿಂತ ಚಿಕ್ಕ ಗುಂಪು. ಆ ದಿನ ಮುಂದಿನ ಸಾಲಿನಲ್ಲಿ 4 ಜನ, ಹಿಂದಕ್ಕೆ ಹೆಚ್ಚುಕಡಿಮೆ 8 ಸಾಲು, ಅಂದರೆ ಸುಮಾರು 32 ಆಳು. ಸದ್ಯಕ್ಕೆ ‘ತುಕಡಿ’ ಅಂತ ಹಾಕಿದ್ದೇನೆ. ಪೊಲೆಮಾರ್ಕನಿಗೆ ‘ದಂಡನಾಯಕ’. ಎರಡೂ ಸರಿ ಅನ್ನಿಸುತ್ತಿಲ್ಲ.

ಧಾರವಾಡದಿಂದ:
ತುಕಡಿ ಬೇಡ. ಮರಾಠಿ ಕಡೆಯಿಂದ ಬಂದ ಮಾತು. ನಮ್ಮದೇ ‘ಪಡೆ’ ಇದೆ, ಹಳಗನ್ನಡದಲ್ಲಿ ‘ಪಡೆವಳ’ ಇದ್ದಾನೆ. ಎನೊಮೊಟಿಯಾ ‘ಕಿರುಪಡೆ’, ಪೊಲೆಮಾರ್ಕ್ ‘ಪಡೆವಳ’. ಮುಗೀತು.

ಮೈಸೂರಿನಿಂದ:
ಮುಗಿದಿಲ್ಲ. ‘ಕಿರುಪಡೆ’ ಅಳತೆಯನ್ನಷ್ಟೇ ಹೇಳುತ್ತದೆ. ಗ್ರೀಕ್ ಮಾತಿನ ಹೊಟ್ಟೆಯಲ್ಲಿ ಆಣೆ ಇದೆ. ‘ಒಮ್ನುಮಿ’ ಅಂದರೆ ಆಣೆಯಿಡುತ್ತೇನೆ ಅಂತ. ಆಣೆಯಿಟ್ಟು ಕೂಡಿದವರು ಎನೊಮೊಟಿಯಾ. ಅದಕ್ಕೆ ನಮ್ಮಲ್ಲಿ ಹೇಳಿ ಮಾಡಿಸಿದ ಮಾತಿದೆ: ವೇಳೆವಾಳಿ, ಅಂದರೆ ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಕೊಡುವ ಭಾಷೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಕುವರ ಲಕ್ಷ್ಮನ ಕಂಬ ನೋಡಿ. ಹೊಯ್ಸಳ ಅರಸ ಎರಡನೇ ವೀರಬಲ್ಲಾಳ ತೀರಿಕೊಂಡಾಗ ಲಕ್ಷ್ಮ ಹೆಂಡತಿ ಮತ್ತು ಸಾವಿರ ವೀರರ ಜೊತೆ ಪ್ರಾಣ ಬಿಟ್ಟನೆಂದು ಅಲ್ಲಿನ ಶಾಸನ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಆ ಕಂಬದಲ್ಲಿ ಕೆತ್ತಿದ್ದಾರೆ.

ಶಿವಮೊಗ್ಗದಿಂದ:
ಸಾರ್, ಓದಿ ಮೈ ಜುಮ್ಮೆಂದಿತು. ಆದರೆ ಇಲ್ಲಿಗೆ ಹೊಂದುವುದಿಲ್ಲ. ವೇಳೆವಾಳಿ ಒಬ್ಬ ಒಡೆಯನಿಗೆ ಕೊಟ್ಟ ಭಾಷೆ. ಸ್ಪಾರ್ಟಾದಲ್ಲಿ ಎರಡು ಮನೆತನ, ಇಬ್ಬರು ಅರಸರು. ಕ್ರಿ.ಪೂ. 506ರ ಸುಮಾರಿಗೆ ಅರಸ ಕ್ಲಿಯೊಮೆನಿಸನ ಜೊತೆ ಅಥೆನ್ಸಿನ ಮೇಲೆ ದಂಡೆತ್ತಿ ಎಲ್ಯೂಸಿಸ್‌ವರೆಗೆ ಹೋದ ಇನ್ನೊಬ್ಬ ಅರಸ ಡೆಮರಾಟಸ್ ಅಲ್ಲಿಂದ ವಾಪಸ್ ಹೊರಟುಬಿಟ್ಟ. ಆಮೇಲೆ ಇಬ್ಬರೂ ಒಟ್ಟಿಗೆ ದಂಡಿಗೆ ಹೋಗಬಾರದೆಂದು ಕಾನೂನಾಯಿತು. ಹೋಗುವ ಒಬ್ಬನ ಜೊತೆಗೂ ಇಬ್ಬರು ಎಫೋರರು (ಊರವರು ಆರಿಸಿದ ಮೇಲ್ವಿಚಾರಕರು) ಇರುತ್ತಿದ್ದರು. ಇನ್ನೊಂದು ವಿಷಯ. ಕಾನೂನಿನಂತೆ ಆಳುತ್ತೇನೆ ಅಂತ ತಿಂಗಳು ತಿಂಗಳೂ ಆಣೆ ಇಡುತ್ತಿದ್ದವನು ಅರಸನೇ! ನೀನು ಆಣೆ ಉಳಿಸಿಕೊಂಡರೆ ಅರಸೊತ್ತಿಗೆಯನ್ನು ಅಲುಗಾಡಿಸುವುದಿಲ್ಲ ಅಂತ ಎಫೋರರು ಊರಿನ ಪರವಾಗಿ ಆಣೆ ಇಡುತ್ತಿದ್ದರು.

ಮ್ಯಾಂಟಿನಿಯದಲ್ಲೇ ನೋಡಿ. ಕದನಕ್ಕೆ ಸ್ವಲ್ಪ ಮುಂಚೆ ಅರಸ ಆಗಿಸ್, ಕೈಗೆ ಸಿಕ್ಕಿದ್ದ ಶತ್ರುಗಳಾದ ಆರ್ಗೋಸ್ ಊರಿನವರನ್ನು ಸುಮ್ನೆ ಬಿಟ್ಟು ಬಂದಿದ್ದ. ಊರವರು ಅವನ ಮನೆ ಕೆಡವಿ 1,00,000 ಡ್ರಾಕ್ಮಾ ದಂಡ ಹಾಕಲು ಹೊರಟಿದ್ದರು. ಬೇಡಿಕೊಂಡು ಪಾರಾದ. ಆದರೂ 10 ಜನ ಸಲಹೆಗಾರರನ್ನು ಅವನ ಬೆನ್ನಿಗೆ ಹಾಕಿದರು. ಕದನಕ್ಕೆ ಸಾಲು ನಿಂತಾಗ ಎಡಗಡೆ ತೆರಪು ಬಿತ್ತು. ಬಲಗಡೆಯಿಂದ ಎರಡು ಲೊಖೋಸ್ ತಂದು ತುಂಬಿ ಅಂತ ಹಿಪ್ಪೊನೊಯಿಡಾಸ್ ಮತ್ತು ಅರಿಸ್ಟೊಕ್ಲಿಸ್ ಎಂಬ ಪೊಲೆಮಾರ್ಕರಿಗೆ ಹೇಳಿದ. ಅವರು ಕದಲಲಿಲ್ಲ. ಆಮೇಲೆ ಹೇಡಿತನದ ಆರೋಪ ಹೊರಿಸಿ ಅವರನ್ನು ಗಡೀಪಾರು ಮಾಡಿದರು. ‘ದಂಡನಾಯಕ’ ಅಂದರೆ ಇಡೀ ದಂಡಿಗೆ ಮೇಲಿನವನು ಅಂತ ಓದುಗರು ತಿಳಿಯುತ್ತಾರೆ, ಅಲ್ವಾ? ಇವರು ಅರಸನ ಕೈಕೆಳಗಿನವರು. ‘ಪಡೆವಳ’ನಿಗೂ ಅದೇ ತೊಡಕು.

ಧಾರವಾಡದಿಂದ:
ಹಾಗಾದರೆ ‘ಆಣೆಪಡೆ’ ಅನ್ನಿ. ಅಚ್ಚಗನ್ನಡ. ಪೊಲೆಮಾರ್ಕನ್ನು ಮಾತ್ರ ಹಾಗೇ ಬಿಟ್ಟರೆ ನಾನು ಒಪ್ಪುವುದಿಲ್ಲ. ಒಂದೊಂದೇ ಹೊರಗಿನ ಮಾತು ಬಿಟ್ಟುಕೊಳ್ಳುತ್ತಾ ಹೋದರೆ ಕನ್ನಡದಲ್ಲಿ ನಮ್ಮದು ಅಂತ ಕ್ರಿಯಾಪದ ಮಾತ್ರ ಉಳಿಯುತ್ತದೆ.

ಮೈಸೂರಿನಿಂದ:
ಆಣೆ ಅಚ್ಚಗನ್ನಡವಲ್ಲ. ‘ಆಜ್ಞೆ’ಯ ತದ್ಭವ. ದಂಡು ಸಂಸ್ಕೃತದ ‘ದಂಡ’. ಬೆಂಗಳೂರು ದಂಡು ಸ್ಟೇಷನ್‌ನಲ್ಲಿ ಇಳಿಯುವವರಿಗೆ ಅದು ಹೊರಗಿನ ಮಾತು ಅನ್ನಿಸುತ್ತದೆಯೇ? ಹವಾಲ್ದಾರ, ಸುಬೇದಾರ ಪಾರಸಿ ದಾರಿಯಲ್ಲಿ ಬಂದರು. ಸೈನ್ಯದ ಮಾತು ಸೈನ್ಯದ ಜೊತೆಗೇ ಊರೂರು ತಿರುಗುತ್ತದೆ. ‘ಸುರಂಗ’ವನ್ನೇ ತೆಗೆದುಕೊಳ್ಳಿ. ಗ್ರೀಕಿನಲ್ಲಿ ‘ಸಿರಿಂಕ್ಸ್’ ಅಂದರೆ ಕೊಳಲು, ಕೊಳವೆ. ಕೋಟೆಗೋಡೆಯ ಕೆಳಗೆ ತೋಡುವ ದಾರಿಗೂ ಅದೇ ಹೆಸರು. ಅದು ಸಂಸ್ಕೃತದಲ್ಲಿ ‘ಸುರುಂಗಾ’ ಆಗಿ ನಮ್ಮವರೆಗೆ ಬಂತು ಅನ್ನುವುದನ್ನು ಜಾಸ್ತಿ ವಿದ್ವಾಂಸರು ಒಪ್ಪುತ್ತಾರೆ.

ಧಾರವಾಡದಿಂದ:
ಸುರಂಗ ಜನರ ಬಾಯಲ್ಲಿ ಸವೆದು ಬಂದ ಮಾತು. ಪೊಲೆಮಾರ್ಕ್ ಪುಸ್ತಕದಿಂದ ನೇರ ಇಳಿಸಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಶಿವಮೊಗ್ಗದಿಂದ:
‘ಆಣೆಪಡೆ’ ಉಳಿಸಿಕೊಂಡೆ. ತದ್ಭವವೇ ಇರಲಿ, ನಮ್ಮಜ್ಜಿ ಮಾತು ಮಾತಿಗೂ ‘ನನ್ನಾಣೆ’ ಅನ್ನುತ್ತಿದ್ದರು. ಎನೊಮೊಟಾರ್ಕ್ ‘ಆಣೆಪಡೆಯ ಮುಖಂಡ’ ಆದ. ಪೊಲೆಮಾರ್ಕ್ ಹಾಗೇ ಇರುತ್ತಾನೆ, ಧಾರವಾಡದವರು ಮನ್ನಿಸಬೇಕು. ಅಥೆನ್ಸಿನಲ್ಲೂ ಇದೇ ಹೆಸರಿನ ಹುದ್ದೆ ಇತ್ತು. ಮ್ಯಾರಥಾನ್ ಕದನದಲ್ಲಿ (ಕ್ರಿ.ಪೂ. 490) ಕ್ಯಾಲಿಮಾಕಸ್ ಪೊಲೆಮಾರ್ಕನಾಗಿದ್ದ. ಅವನ ಮೇಲೆ ಅರಸನಿರಲಿಲ್ಲ. ಹೆಸರು ಒಂದೇ, ಕೆಲಸ ಬೇರೆ ಅನ್ನುವುದು ಓದುಗರಿಗೆ ಕಾಣಬೇಕು.

ಇನ್ನು ‘ಪೆಂಟೆಕೋಸ್ಟಿಸ್’ ಒಂದು ಬಾಕಿ. ಹೆಸರಿನಲ್ಲಿ ಐವತ್ತು ಇದೆ. ಆದರೆ ಮ್ಯಾಂಟಿನಿಯದಲ್ಲಿ 4 ಆಣೆಪಡೆ ಸೇರಿ ಒಂದು ಪೆಂಟೆಕೋಸ್ಟಿಸ್, ಅಂದರೆ ಸುಮಾರು 128 ಆಳು. ‘ಐವತ್ತರ ಪಡೆ’ ಅಂದರೆ ಲೆಕ್ಕ ತಪ್ಪುತ್ತದೆ, ಬಿಟ್ಟರೆ ಹೆಸರು ಹೋಗುತ್ತದೆ. ಭಾನುವಾರ ರಾತ್ರಿಯೊಳಗೆ ಯಾರಾದರೂ ತಿಳಿಸಿ.