ಶಾಕ್ಸ್ ಹೇಗೂ ಬದಲಾಯಿಸಬೇಕು, ಜೊತೆಗೆ ಪೋಲೊ ಒಂದಿಷ್ಟು ಇಳಿಸಿಬಿಡಲಾ?

ಪುತ್ತೂರು_ಪೋಲೊ:

ಎಲ್ಲರಿಗೂ ನಮಸ್ಕಾರ. ನನ್ನ ಕಾರು 2015ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 78,000 ಕಿ.ಮೀ. ಓಡಿದೆ. ಹೋದ ವಾರ ಸರ್ವೀಸ್‌ಗೆ ಬಿಟ್ಟಾಗ ಮುಂದಿನ ಎಡಗಡೆ ಶಾಕ್ ಅಬ್ಸಾರ್ಬರ್‌ನಲ್ಲಿ ಆಯಿಲ್ ಸೋರುತ್ತಿದೆ, ಬಲಗಡೆಯದ್ದೂ ಮುಗಿಯುತ್ತಾ ಬಂದಿದೆ ಅಂದರು. ಹೇಗೂ ಬಿಚ್ಚುವುದು ಬಿಚ್ಚುತ್ತಾರೆ, ಇದೇ ಖರ್ಚಿನಲ್ಲಿ ಗಾಡಿ ಸ್ವಲ್ಪ ಕೆಳಗಿಳಿಸಿಬಿಡೋಣ ಅಂತ ತಲೆಗೆ ಹುಳ ಬಿಟ್ಟುಕೊಂಡಿದ್ದೇನೆ. ಟೈರಿಗೂ ಫೆಂಡರ್‌ಗೂ ನಡುವೆ ನಾಲ್ಕು ಬೆರಳು ಆರಾಮಾಗಿ ತೂರುತ್ತದೆ, ಅದನ್ನು ನೋಡಿ ನೋಡಿ ಸಾಕಾಗಿದೆ.

ಓಡಾಟ ಹೀಗಿದೆ. ದಿನಾ ವಿಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿ, ನೈಸ್ ರೋಡ್ ಹಿಡಿದು. ಎರಡು ತಿಂಗಳಿಗೊಮ್ಮೆ ಶಿರಾಡಿ ಇಳಿದು ಪುತ್ತೂರು. ಹೋಗುವಾಗ ನಾವು ನಾಲ್ಕು ಜನ. ಬರುವಾಗ ಅಮ್ಮನೂ ಇರುತ್ತಾರೆ, ಡಿಕ್ಕಿ ತುಂಬ ತೆಂಗಿನಕಾಯಿ, ಹಲಸಿನಹಣ್ಣು ಇರುತ್ತವೆ.

ಮೂರು ಅಂಗಡಿಯಲ್ಲಿ ಕೇಳಿದೆ. ಒಬ್ಬರು ಬರೀ ಸ್ಪ್ರಿಂಗ್ ಹಾಕಿಸಿ, 35 ಮಿ.ಮೀ. ಇಳಿಯುತ್ತದೆ, ಶಾಕ್ಸ್ ಕಂಪನಿಯದ್ದೇ ಸಾಕು ಅಂದರು. ಇನ್ನೊಬ್ಬರು ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಬಿಟ್ಟು ಬೇರೆ ಮಾತೇ ಆಡಲಿಲ್ಲ, ರೇಟು ಲಕ್ಷ ದಾಟುತ್ತದೆ. ಮೂರನೆಯವರು ಇರುವ ಸ್ಪ್ರಿಂಗ್‌ನಲ್ಲೇ ಒಂದು ಸುತ್ತು ಕತ್ತರಿಸಿದರೆ ಆಯ್ತು, ಲೇಬರ್ ಮಾತ್ರ ಕೊಡಿ ಅಂತ ಚಹಾ ಕುಡಿಯುತ್ತಾ ಹೇಳಿದರು. ದಿನಾ ಓಡಿಸುವ ಗಾಡಿಗೆ ಯಾವುದು ಸರಿ? ನಿಜವಾಗಿ ಹಾಕಿಸಿಕೊಂಡವರು ಹೇಳಿ.

ಕದ್ರಿ_ಕಾರ್ಣಿಕ:

ಮಾರಾಯ್ರೇ, ಮೂರನೇ ಅಂಗಡಿ ಕಡೆ ತಲೆ ಹಾಕಿಯೂ ಮಲಗಬೇಡಿ.

ಒಂದನೆಯದ್ದರ ಕಥೆ ನಾನು ಹೇಳುತ್ತೇನೆ. ಹಳೆಯ ಸ್ವಿಫ್ಟ್‌ಗೆ 40 ಮಿ.ಮೀ. ಇಳಿಯುವ ಸ್ಪ್ರಿಂಗ್ ಹಾಕಿಸಿ, 60,000 ಓಡಿದ್ದ ಶಾಕ್ಸ್ ಹಾಗೇ ಬಿಟ್ಟೆ. ಮೊದಲ ತಿಂಗಳು ಸ್ವರ್ಗ. ಫೋಟೊ ತೆಗೆದದ್ದೇ ತೆಗೆದದ್ದು. ಆಮೇಲೆ ಸಣ್ಣ ಗುಂಡಿಗೂ ಟಕ್ ಅಂತ ಶಬ್ದ, ಹೈವೇಯಲ್ಲಿ ಒಂದು ಏರಿಳಿತ ದಾಟಿದ ಮೇಲೆ ಗಾಡಿ ದೋಣಿಯ ಹಾಗೆ ಇನ್ನೂ ಎರಡು ಸಲ ತೂಗುತ್ತಿತ್ತು. ಐದು ತಿಂಗಳಿಗೆ ಮುಂದಿನ ಎರಡೂ ಶಾಕ್ ಸೋರಿದವು. ಹಾಕಿಕೊಟ್ಟ ಅಂಗಡಿಯವರು ರಸ್ತೆ ಸರಿಯಿಲ್ಲ ಅಂದರು. ರಸ್ತೆ ಸರಿಯಿಲ್ಲ ಅಂತ ನನಗೂ ಗೊತ್ತಲ್ವಾ, ಸ್ಪ್ರಿಂಗ್ ಮಾರುವಾಗ ನೀವು ಅದನ್ನು ಹೇಳಬೇಕಿತ್ತು! ಕೊನೆಗೆ ಎರಡು ಸಲ ಲೇಬರ್ ಕೊಟ್ಟದ್ದೇ ಬಂತು.

ಸ್ಪ್ಯಾನರ್_ಸೀನಣ್ಣ:

ಇಪ್ಪತ್ತು ವರ್ಷದಿಂದ ಗಾಡಿ ಅಡಿಯಲ್ಲೇ ಮಲಗಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಲ್ಲರೂ ಕೇಳುವುದು ಎಷ್ಟು ಇಳಿಯುತ್ತದೆ ಅಂತ. ಇಳಿದ ಮೇಲೆ ಶಾಕ್‌ಗೆ ಒಳಗೆ ಹೋಗಲು ಎಷ್ಟು ಜಾಗ ಉಳಿಯುತ್ತದೆ ಅಂತ ಒಬ್ಬರೂ ಕೇಳುವುದಿಲ್ಲ. ಗಾಡಿ ನಿಂತಾಗ ಶಾಕ್ ಒಳಗೆ ಹೋಗಲು 70 ಮಿ.ಮೀ. ಇದೆ ಅಂತ ಇಟ್ಟುಕೊಳ್ಳಿ. ಇದು ಲೆಕ್ಕಕ್ಕೆ ಹೇಳಿದ್ದು, ನಿಮ್ಮ ಗಾಡಿಯದ್ದು ಅಳೆದೇ ನೋಡಬೇಕು. 35 ಇಳಿಸಿದರೆ ಉಳಿದದ್ದು ಅರ್ಧ. ನಿಮ್ಮಮ್ಮ, ಹಲಸಿನಹಣ್ಣು ಎಲ್ಲಾ ಕೂತಾಗ ಅದರಲ್ಲೂ ಒಂದಿಷ್ಟು ಹೋಯಿತು. ಆಮೇಲೆ ಪ್ರತಿ ಗುಂಡಿಗೂ ಶಾಕ್ ಬಂಪ್ ಸ್ಟಾಪ್ (ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು) ಮೇಲೆ ಕೂರುತ್ತದೆ. ಕಾರ್ಣಿಕ ಅವರಿಗೆ ಕೇಳಿಸಿದ ಟಕ್ ಶಬ್ದ ಬಹುಶಃ ಅದೇ. ಜಾಗ ಕಡಿಮೆಯಾದಾಗ ಸ್ಪ್ರಿಂಗ್ ಗಡುಸಾಗಿರಬೇಕು, ಇಲ್ಲದಿದ್ದರೆ ತಳ ಬಡಿಯುತ್ತದೆ. ಸ್ಪ್ರಿಂಗ್ ಗಡುಸಾದರೆ ಅದು ಮೇಲಕ್ಕೆ ಚಿಮ್ಮುವುದನ್ನು ಹಿಡಿಯಲು ಶಾಕ್‌ಗೆ ಅಷ್ಟೇ ಶಕ್ತಿ ಬೇಕು. ಸುಸ್ತಾದ ಶಾಕ್‌ಗೆ ಹೊಸ ಗಡುಸು ಸ್ಪ್ರಿಂಗ್ ಕೊಡುವುದು ಅಂದರೆ ವಯಸ್ಸಾದವರ ಕೈಗೆ ಹೋರಿಯ ಹಗ್ಗ ಕೊಟ್ಟ ಹಾಗೆ.

ಕತ್ತರಿಸುವುದರ ಬಗ್ಗೆ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಡುಸಾಗುತ್ತದೆ, ಅದು ನಿಜ. ಆದರೆ ತುದಿಯ ಆಕಾರ ಹೋಯಿತು, ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಗಾಡಿ ಹಾರಿ ಚಕ್ರ ಕೆಳಗೆ ಜೋತಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಜರುಗಬಹುದು. ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿದರಂತೂ ಆ ಬಿಸಿಗೆ ಉಕ್ಕಿನ ಹದವೇ ಕೆಡುತ್ತದೆ. ನನ್ನ ಹತ್ತಿರ ಬಂದರೆ ಮಾಡುವುದಿಲ್ಲ ಅಂತ ವಾಪಸ್ ಕಳಿಸುತ್ತೇನೆ.

ಕಾಯಿಲ್‌ಓವರ್ ಒಳ್ಳೆಯದೇ, ಆದರೆ ನಿಮಗೆ ಯಾಕೆ? ಎತ್ತರ ಬದಲಾಯಿಸುತ್ತಾ ಇರುವವರಿಗೆ, ಟ್ರ್ಯಾಕ್‌ಗೆ ಹೋಗುವವರಿಗೆ ಅದು. ನೀವು ಒಂದು ಸಲ ಸೆಟ್ ಮಾಡಿ ಮರೆಯುತ್ತೀರಿ. ಮಳೆಗಾಲದಲ್ಲಿ ಎರಡು ಸಲ ಘಾಟಿ ಹತ್ತಿ ಇಳಿದರೆ ಅದರ ಎತ್ತರ ಹೊಂದಿಸುವ ತಿರುಪಿನ ಮೇಲೆಲ್ಲಾ ಕೆಸರು ಕೂರುತ್ತದೆ, ತೊಳೆದು ಗ್ರೀಸ್ ಮಾಡದಿದ್ದರೆ ಎರಡು ವರ್ಷಕ್ಕೆ ನಟ್ ತಿರುಗುವುದೇ ಇಲ್ಲ. ಆಮೇಲೆ ಅದು ಲಕ್ಷ ರೂಪಾಯಿಯ ಮಾಮೂಲಿ ಸ್ಪ್ರಿಂಗ್.

ನನ್ನ ಮಾತು ಕೇಳುವುದಾದರೆ ಮೊದಲು ಒಳ್ಳೆಯ ಶಾಕ್ಸ್ ಆರಿಸಿ, ಸ್ಪ್ರಿಂಗ್ ಆಮೇಲೆ. ಇಳಿಸಿದರೂ 20–25 ಮಿ.ಮೀ. ಮೇಲೆ ಬೇಡ. ಬಿಚ್ಚಿದಾಗಲೇ ಸ್ಟ್ರಟ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್ ಹೊಸದು ಹಾಕಿಸಿ, ಅವುಗಳ ರೇಟು ಜಾಸ್ತಿ ಇಲ್ಲ. ಚಕ್ರವನ್ನು ಗಾಡಿಗೆ ಜೋಡಿಸುವ ಲೋಯರ್ ಆರ್ಮ್‌ನ ರಬ್ಬರ್ ಬುಷ್‌ಗಳನ್ನೂ ನೋಡಿಸಿ. ಒಂದು ವಿಷಯ ಮೆಕ್ಯಾನಿಕ್‌ಗೆ ನೀವೇ ನೆನಪು ಮಾಡಬೇಕಾಗುತ್ತದೆ. ಬುಷ್‌ನ ಬೋಲ್ಟ್‌ಗಳನ್ನು ಗಾಡಿ ಮೇಲೆತ್ತಿದಾಗ ಪೂರ್ತಿ ಬಿಗಿಯಬಾರದು, ಚಕ್ರ ನೆಲದ ಮೇಲೆ ಕೂತು ಗಾಡಿಯ ತೂಕ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇನ್ನು ಹಣ ಕೊಡುವ ಮೊದಲು ಒಂದು ಪುಕ್ಕಟೆ ಪರೀಕ್ಷೆ. 30 ಮಿ.ಮೀ. ದಪ್ಪದ ಥರ್ಮಾಕೋಲ್ ತುಂಡನ್ನು ಗಾಡಿಯ ತಳದಲ್ಲಿ ಅತಿ ಕೆಳಗಿರುವ ಜಾಗಕ್ಕೆ, ಸೈಲೆನ್ಸರ್‌ನಿಂದ ದೂರ, ಟೇಪ್ ಹಾಕಿ ಅಂಟಿಸಿ ಒಂದು ವಾರ ಓಡಿಸಿ. ಎಲ್ಲಿ ಉಜ್ಜುತ್ತದೆ ಅಂತ ಅದೇ ಹೇಳುತ್ತದೆ.

ಸಾಗರದಿಂದ_ಸ್ಟುಟ್‌ಗಾರ್ಟ್:

ಸೀನಣ್ಣ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಇಲ್ಲಿ ಜರ್ಮನಿಯಲ್ಲಿ ಗಾಡಿ ಇಳಿಸುವುದು ಮಾಮೂಲು, ಆದರೆ ಪಾರ್ಟ್ ಜೊತೆ ಪ್ರಮಾಣಪತ್ರ ಬರಬೇಕು, ಹೆಚ್ಚಿನವಕ್ಕೆ ಹಾಕಿಸಿದ ಮೇಲೆ ಟ್ಯೂಫ್ ತರಹದ ಗಾಡಿ ತಪಾಸಣೆ ಸಂಸ್ಥೆಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಆ ಕಾಗದ ಓದಿದಾಗಲೇ ನನಗೆ ಒಂದು ವಿಷಯ ಹೊಳೆದದ್ದು. ಒಂದೇ ಮಾಡೆಲ್‌ಗೆ ಐಬಾಕ್, ಎಚ್ ಅಂಡ್ ಆರ್ ಥರದವರು ಮುಂದಿನ ಆಕ್ಸಲ್ ಮೇಲೆ ಬೀಳುವ ತೂಕದ ಪ್ರಕಾರ ಬೇರೆ ಬೇರೆ ಸ್ಪ್ರಿಂಗ್ ಮಾಡುತ್ತಾರೆ. ಡೀಸೆಲ್ ಪೋಲೊ ಮೂತಿ ಭಾರ, ನಿಮ್ಮ 1.2 ಟರ್ಬೊ ಹಗುರ. ಡೀಸೆಲ್‌ನ ಸ್ಪ್ರಿಂಗ್ ನಿಮ್ಮದಕ್ಕೆ ಹಾಕಿದರೆ ಮುಂದೆ ಹೇಳಿದಷ್ಟು ಇಳಿಯುವುದೇ ಇಲ್ಲ, ಉಲ್ಟಾ ಹಾಕಿದರೆ ಮೂತಿ ಜಾಸ್ತಿ ಕುಸಿಯುತ್ತದೆ. ಹಾಗಾಗಿ ‘ಪೋಲೊ ಸ್ಪ್ರಿಂಗ್’ ಅಂತ ಕೇಳಬೇಡಿ, ಪಾರ್ಟ್ ನಂಬರ್ ಕೇಳಿ.

ಶಾಕ್ಸ್‌ನಲ್ಲೂ ಹಾಗೇ. ಬಿಲ್‌ಸ್ಟೈನ್‌ನವರ ಬಿ4 ಅಂದರೆ ಕಂಪನಿಯದ್ದಕ್ಕೆ ಬದಲಿ. ಬಿ6 ಗಟ್ಟಿ ಹಿಡಿತದ್ದು, ಆದರೆ ಕಂಪನಿ ಎತ್ತರದ ಸ್ಪ್ರಿಂಗ್‌ಗೆ. ಬಿ8 ಗಿಡ್ಡ, ಇಳಿಸುವ ಸ್ಪ್ರಿಂಗ್ ಜೊತೆ ಹಾಕಲೆಂದೇ ಮಾಡಿದ್ದು. ಸ್ಪ್ರಿಂಗ್ ಗಿಡ್ಡವಾದರೆ ಶಾಕ್ ಕೂಡ ಗಿಡ್ಡವಿರಬೇಕು ಅನ್ನುವುದು ಇದೇ ಕಾರಣಕ್ಕೆ.

ಇನ್ನೊಂದು, ಇಳಿಸಿದಷ್ಟೂ ತಿರುವಿನಲ್ಲಿ ಗಾಡಿ ವಾಲುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಪೋಲೊ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬವಾಗಿ ಚಕ್ರ ಹಿಡಿಯುವ ವ್ಯವಸ್ಥೆ. ಜಾಸ್ತಿ ಇಳಿಸಿದರೆ ಲೋಯರ್ ಆರ್ಮ್ ಚಕ್ರದ ಕಡೆ ಮೇಲೆ, ಗಾಡಿಯ ಕಡೆ ಕೆಳಗೆ ಅಂತ ಓರೆಯಾಗುತ್ತದೆ. ಆಗ ಗಾಡಿಯ ತೂಕದ ಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ಅದು ವಾಲುವ ಕೇಂದ್ರ ಇಳಿದಿರುತ್ತದೆ. ಎರಡರ ನಡುವಿನ ಅಂತರ ಹೆಚ್ಚಾದ್ದರಿಂದ ವಾಲಿಸುವ ಬಲ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ, ಅದನ್ನು ಮುಚ್ಚಲು ಮತ್ತೆ ಇನ್ನೂ ಗಡುಸು ಸ್ಪ್ರಿಂಗ್ ಬೇಕು.

ಆರ್‌ಸಿ_ರಾಯರು:

ಸಂಭ್ರಮದ ನಡುವೆ ಕರಡಿ ಬಿಟ್ಟ ಹಾಗಾಗುತ್ತದೆ, ಆದರೂ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಕ್ಕಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಬಂತು. ಏನೇ ಹಾಕಿಸುವುದಿದ್ದರೂ ಮೊದಲು ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ. ಹಳೆಯ ಸ್ಪ್ರಿಂಗ್ ಗುಜರಿಗೆ ಹಾಕಬೇಡಿ, ಮಂಚದ ಕೆಳಗಿರಲಿ.

ಪುತ್ತೂರು_ಪೋಲೊ:

ಹತ್ತು ದಿನ ಆಯ್ತು. ಥರ್ಮಾಕೋಲ್ ಪರೀಕ್ಷೆ ಮಾಡಿದೆ ಸೀನಣ್ಣ. ಒಂದು ವಾರ ಎಲ್ಲಿ ಬಂತು, ಮೊದಲ ಸಂಜೆಯೇ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ್‍ಯಾಂಪ್ ಮುಗಿಯುವ ಜಾಗದಲ್ಲಿ ಕರಕರ ಅಂತು. ಎರಡನೇ ತುಂಡು ಅಂಟಿಸಿಕೊಂಡು ಊರಿಗೆ ಹೋದೆ. ಘಾಟಿಯಲ್ಲಿ ಏನೂ ಆಗಲಿಲ್ಲ, ಆಶ್ಚರ್ಯ. ಉಪ್ಪಿನಂಗಡಿ ದಾಟಿದ ಮೇಲೆ ಒಂದು ಹಂಪ್ ಅದನ್ನು ಪುಡಿ ಮಾಡಿತು. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದಲ್ಲಿ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಇದು ಯಾರೋ ತೆಂಗಿನಮರ ಮಲಗಿಸಿ ಡಾಂಬರು ಬಳಿದ ಹಾಗಿತ್ತು. ಈ ಗಾಡಿಯ ಕ್ಲಿಯರೆನ್ಸ್ (ನೆಲಕ್ಕೂ ತಳಕ್ಕೂ ನಡುವಿನ ಅಂತರ) ಖಾಲಿ ಇದ್ದಾಗಲೇ 165 ಮಿ.ಮೀ. ಆಸುಪಾಸು. ಅದರಲ್ಲಿ 35 ಹೋಗಿ, ಐದು ಜನ ಕೂತರೆ ಏನು ಉಳಿಯುತ್ತದೆ ಅಂತ ಲೆಕ್ಕ ಹಾಕಿ ಸುಮ್ನೆ ಕೂತೆ. ಬಿಳಿ ಕಾಳು ಗಾಡಿ ಹಿಂದೆ ಹಾರುವುದನ್ನು ನೋಡಿ ಮಗಳಿಗೆ ಖುಷಿಯೋ ಖುಷಿ.

ಹಾಗಾಗಿ ಸದ್ಯಕ್ಕೆ ಎತ್ತರ ಹಾಗೇ ಇರಲಿ. ಬಿ6 ನನ್ನ ಗಾಡಿಯ ಪಾರ್ಟ್ ನಂಬರ್‌ಗೆ ಸಿಗುತ್ತದಾ ನೋಡುತ್ತೇನೆ, ಇಲ್ಲದಿದ್ದರೆ ಬಿ4. ಮೌಂಟ್, ಬುಷ್ ಎಲ್ಲಾ ಹೊಸದು. ಆದರೆ ಆ ಗ್ಯಾಪ್... ಅದಕ್ಕೇನಾದರೂ ದಾರಿ ಇದೆಯಾ?

ಸ್ಪ್ಯಾನರ್_ಸೀನಣ್ಣ:

ಇದೆ. ನಿಮ್ಮದು 185/60 ಆರ್15 ಟೈರ್, ಸುತ್ತಳತೆ ಬಿಡಿ, ಎತ್ತರ 603 ಮಿ.ಮೀ. ಆಗುತ್ತದೆ. ಆಮೇಲಿನ ಜಿಟಿಗಳಿಗೆ ಕಂಪನಿಯೇ 195/55 ಆರ್16 ಕೊಟ್ಟಿತು, ಅದು 621. ಗಾಡಿ 9 ಮಿ.ಮೀ. ಮೇಲೆ ಏಳುತ್ತದೆ, ಗ್ಯಾಪ್ 9 ಕಡಿಮೆಯಾಗುತ್ತದೆ, ಅಗಲವೂ ತುಂಬಿದ ಹಾಗೆ ಕಾಣುತ್ತದೆ. ಸ್ಪೀಡೋಮೀಟರ್ ಮೊದಲಿಗಿಂತ ಶೇ 3ರಷ್ಟು ಕಡಿಮೆ ತೋರಿಸುತ್ತದೆ, ಅಷ್ಟು ನೆನಪಿರಲಿ. ಶಾಕ್ಸ್ ಹಾಕಿಸಿ ಸಾವಿರ ಕಿ.ಮೀ. ಓಡಿದ ಮೇಲೆ ಅಲೈನ್‌ಮೆಂಟ್ ಇನ್ನೊಂದು ಸಲ ನೋಡಿಸಿ.

ಕದ್ರಿ_ಕಾರ್ಣಿಕ:

ಆ ಹಂಪ್ ಎಲ್ಲಿ ಅಂತ ಸರಿಯಾಗಿ ಹೇಳಿ ಮಾರಾಯ್ರೇ, ಬರುವ ಭಾನುವಾರ ನಾನೂ ಅದೇ ದಾರಿಯಲ್ಲಿ ಬರುವವನಿದ್ದೇನೆ.