ಅಪ್‌ಡೇಟ್: ಟಿಕೆಟ್ ಮಾರಾಟದ ನಿಜವಾದ ಗೇಟ್‌ವೇ ಶುಲ್ಕ ಲೆಕ್ಕಕ್ಕೆ ಸಿಕ್ಕಿತು

ನಾಟಕದ ಟಿಕೆಟ್‌ಗಳಿಗೆ ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿ ಪಡೆದು ನಮ್ಮ ಬ್ಯಾಂಕಿಗೆ ಹಾಕುವ ಸೇವೆ) ಎಲ್ಲ ಆರ್ಡರ್‌ಗೂ 2% ಶುಲ್ಕ ಹಿಡಿಯುತ್ತದೆ ಅಂತ ಅಂದಾಜು ಹಾಕಿದರೆ ಬ್ಯಾಂಕಿಗೆ ಬಂದ ಮೊತ್ತಕ್ಕೆ ತಾಳೆಯಾಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ: ಅಂದಾಜು ಬಿಟ್ಟು, ಗೇಟ್‌ವೇಯ ಸೆಟಲ್‌ಮೆಂಟ್ ವರದಿಯನ್ನೇ (ಶುಲ್ಕ ಕಳೆದು ಬ್ಯಾಂಕಿಗೆ ಎಷ್ಟು ಹಾಕಿದೆ ಎಂಬ ವಿವರ) ಆಧಾರ ಮಾಡಿಕೊಳ್ಳಬೇಕು.

ವರದಿಯ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಫೈಲ್) ಇಳಿಸಿ, ಪೇಮೆಂಟ್ ಐಡಿ ಮೂಲಕ ವಿಲುಕಪ್ (VLOOKUP, ಒಂದು ಪಟ್ಟಿಯಿಂದ ಹುಡುಕಿ ತರುವ ಎಕ್ಸೆಲ್ ಸೂತ್ರ) ಹಾಕಿ ಪ್ರತಿ ಆರ್ಡರ್ ಎದುರು ಶುಲ್ಕ, ತೆರಿಗೆ, ಸೆಟಲ್‌ಮೆಂಟ್ ಐಡಿ ತಂದುಕೊಳ್ಳಿ. ಹೆಸರು, ಮೊತ್ತ ನೋಡಿ ಹೊಂದಿಸಬೇಡಿ. ಒಂದೇ ದರದ ಟಿಕೆಟ್ ನೂರಾರು ಇರುತ್ತವೆ. ₹2,500ರ ಕಾರ್ಡ್ ಪಾವತಿಗೆ 2% ಎಂದರೆ ₹50, ಅದರ ಮೇಲೆ 18% ಜಿಎಸ್‌ಟಿ ₹9, ಕೈಗೆ ₹2,441.

ಎಡವುವುದು ಇಲ್ಲಿ: ಕೆಲವು ವರದಿಗಳಲ್ಲಿ ಶುಲ್ಕದ ಕಾಲಂನಲ್ಲೇ ಜಿಎಸ್‌ಟಿ ಸೇರಿರುತ್ತದೆ, ತೆರಿಗೆ ಕಾಲಂ ಮತ್ತೆ ಕೂಡಿಸಿದರೆ ಎರಡು ಸಲ ಕಳೆದಂತೆ. ವರದಿಯ ಬದಲು ಎಪಿಐನಿಂದ (ಪ್ರೋಗ್ರಾಂ ಮೂಲಕ ಗೇಟ್‌ವೇಯ ಮಾಹಿತಿ ನೇರವಾಗಿ ಪಡೆಯುವ ದಾರಿ) ತೆಗೆದರೆ ಮೊತ್ತ ಪೈಸೆಯಲ್ಲಿರಬಹುದು, 100ರಿಂದ ಭಾಗಿಸಿ. ಯುಪಿಐಗೆ 2020ರ ಜನವರಿಯಿಂದ ಎಂಡಿಆರ್ (ಪಾವತಿ ಸ್ವೀಕರಿಸಿದ್ದಕ್ಕೆ ವ್ಯಾಪಾರಿಯಿಂದ ಹಿಡಿಯುವ ಶುಲ್ಕ) ಶೂನ್ಯ, ಆದರೂ ಗೇಟ್‌ವೇ ತನ್ನ ಸೇವಾಶುಲ್ಕ ಹಿಡಿಯಬಹುದು. ಹಾಗಾಗಿ ಪಾವತಿ ವಿಧಾನಕ್ಕೊಂದು ಕಾಲಂ ಬೇಕೇ ಬೇಕು.

ರೀಫಂಡ್ ಮಾಡಿದಾಗ ಮೂಲ ಶುಲ್ಕ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಆ ಸಾಲನ್ನು ಅಳಿಸದೆ, ಶುಲ್ಕವನ್ನು ಖರ್ಚಾಗಿಯೇ ಉಳಿಸಿ.