ಪಂಪಿಗೂ ಎಂಜೈಮಿಗೂ ಒಂದೇ ಸಾಫ್ಟ್‌ವೇರ್ ಸಾಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ಪೀಣ್ಯದಲ್ಲಿ ಪಂಪ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಡಿಸೈನ್ ಇಂಜಿನಿಯರ್ ನಾನು. ಪಂಪು, ಪೈಪು, ವಾಲ್ವು ಎಲ್ಲ ಸೇರಿಸಿ ಸಿಮ್ಯುಲೇಶನ್ ಮಾಡುವುದು ಕಲಿಯಬೇಕು ಅಂತ ಆಸೆ. ತಂಗಿ ಬಯೋಟೆಕ್ ಎಂಎಸ್ಸಿ ಓದುತ್ತಿದ್ದಾಳೆ, ಪ್ರಾಜೆಕ್ಟಿಗೆ ಎಂಜೈಮ್ ಮಾಡೆಲ್ ಬೇಕಂತೆ. ಇಬ್ಬರೂ ಸೇರಿ ಒಂದೇ ಸಾಫ್ಟ್‌ವೇರ್ ಕಲಿತರೆ ಆಗುತ್ತಾ? ಲೈಸೆನ್ಸ್ ಬೆಲೆ ಕೇಳಿ ತಲೆ ತಿರುಗಿತು.

ಉತ್ತರ: ಒಂದರಲ್ಲೇ ಎರಡನ್ನೂ ಮಾಡಬಹುದು. ಆದರೂ ನಿಮ್ಮಿಬ್ಬರಿಗೆ ಬೇರೆ ಬೇರೆ ಹೇಳುತ್ತೇನೆ. ಎರಡೂ ಉಚಿತ, ಲೈಸೆನ್ಸ್ ಚಿಂತೆ ಬಿಡಿ.

ನಿಮಗೆ ಓಪನ್‌ಮಾಡೆಲಿಕಾ. ಮಾಡೆಲಿಕಾ ಅನ್ನುವುದು ಮಾಡೆಲ್ ಬರೆಯುವ ಭಾಷೆ, ಓಪನ್‌ಮಾಡೆಲಿಕಾ ಅದನ್ನು ಓಡಿಸುವ ಸಾಫ್ಟ್‌ವೇರ್. ಭಾಷೆಯ ಮೊದಲ ಆವೃತ್ತಿ ಬಂದಿದ್ದು 1997ರಲ್ಲಿ. ಇದರಲ್ಲಿ ಸಮೀಕರಣವನ್ನು ಪುಸ್ತಕದಲ್ಲಿರುವ ಹಾಗೇ ಬರೆಯಬಹುದು. ಯಾವುದನ್ನು ಮೊದಲು ಬಿಡಿಸಬೇಕು ಅನ್ನುವುದನ್ನು ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ. ಪೈಪಿನಲ್ಲಿ ಒತ್ತಡ ಬದಲಾದರೆ ಹರಿವು ಬದಲಾಗುತ್ತದೆ, ಹರಿವು ಬದಲಾದರೆ ಒತ್ತಡ. ಇಂಥದ್ದಕ್ಕೆ ಈ ರೀತಿಯೇ ಸಲೀಸು. ಉಚಿತ ಸಾಫ್ಟ್‌ವೇರ್ ಕಲಿಸುವ ಐಐಟಿ ಬಾಂಬೆಯ ಫಾಸ್ಸಿ ಯೋಜನೆಯವರು ಇದಕ್ಕೆ ಸ್ಪೋಕನ್ ಟ್ಯುಟೋರಿಯಲ್ ಮಾಡಿದ್ದಾರೆ, ಅಲ್ಲಿಂದ ಶುರು ಮಾಡಿ.

ತಂಗಿಗೆ ಕೋಪಾಸಿ. ರಾಸಾಯನಿಕ ಕ್ರಿಯೆಯನ್ನು ಟೈಪ್ ಮಾಡಿದರೆ ಸಮೀಕರಣ ತಾನೇ ಬರೆದುಕೊಳ್ಳುತ್ತದೆ. ಬಯೋಮಾಡೆಲ್ಸ್ ಅನ್ನುವ ಸಂಗ್ರಹದಲ್ಲಿ ಪ್ರಕಟವಾದ ಮಾಡೆಲ್‌ಗಳು ಎಸ್‌ಬಿಎಂಎಲ್ (ಜೀವಶಾಸ್ತ್ರದ ಮಾಡೆಲ್ ಬರೆದಿಡುವ ಸಾಮಾನ್ಯ ರೂಪ) ಫೈಲಾಗಿ ಸಿಗುತ್ತವೆ, ನೇರವಾಗಿ ತೆರೆದು ನೋಡಬಹುದು. ಮುಂದೆ ನರಕೋಶದ ಕಡೆ ಹೋದರೆ ದೂರ ಹುಡುಕಬೇಕಿಲ್ಲ. ಮೂಸ್ ಅನ್ನುವ ಸಿಮ್ಯುಲೇಟರ್ ನಮ್ಮ ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲೇ ಬೆಳೆದದ್ದು.

ಒಂದು ಮಾತು. ಮೊದಲ ದಿನವೇ ಇಡೀ ಪಂಪ್ ಹೌಸ್ ಕಟ್ಟಲು ಹೋಗಬೇಡಿ. ಉತ್ತರ ಕೈಲೆಕ್ಕದಲ್ಲಿ ಸಿಗುವಂಥದ್ದನ್ನು ಮಾಡಿ. ಒಂದು ಚದರ ಮೀಟರ್ ತಳ, ಒಂದು ಮೀಟರ್ ನೀರು, ಅಂದರೆ ಸಾವಿರ ಲೀಟರಿನ ಟ್ಯಾಂಕು. ತಳದಲ್ಲಿ 2 ಸೆಂಟಿಮೀಟರ್ ವ್ಯಾಸದ ತೂತು. ಎಷ್ಟು ಹೊತ್ತಿಗೆ ಖಾಲಿ? ನೀರು ಹೊರಬೀಳುವ ವೇಗ ಮಟ್ಟದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ ಅನ್ನುವ ಟಾರಿಚೆಲ್ಲಿ ನಿಯಮದ ಪ್ರಕಾರ ಸುಮಾರು 24 ನಿಮಿಷ. ತೂತಿನಲ್ಲಿ ಧಾರೆ ಕಿರಿದಾಗುವುದಕ್ಕೆ ಹರಿವನ್ನು 0.6ರಿಂದ ಗುಣಿಸಿದರೆ 40 ನಿಮಿಷ. ಮೊದಲರ್ಧ ಖಾಲಿಯಾಗಲು ಒಟ್ಟು ಸಮಯದ ಶೇ. 29 ಮಾತ್ರ ಸಾಕು, ಮಿಕ್ಕಿದ್ದೆಲ್ಲ ಕೊನೆಯರ್ಧಕ್ಕೆ. ನಿಮ್ಮ ಗ್ರಾಫ್ ಇದನ್ನು ತೋರಿಸದಿದ್ದರೆ ಮಾಡೆಲ್ ತಪ್ಪು. ಪರದೆ ಮೇಲೆ ಗೆರೆ ಚೆಂದ ಬಂತು ಅಂತ ನಂಬಬೇಡಿ.

ಪ್ರಶ್ನೆ ಕೇಳಿದವರು: ಮಾಡಿದೆ ಮೇಡಂ! 24 ನಿಮಿಷದ ಹತ್ತಿರ ಬರುವ ತನಕ ಚೆನ್ನಾಗಿ ಓಡುತ್ತೆ. ಆಮೇಲೆ ಎರರ್ ಕೊಟ್ಟು ನಿಂತುಬಿಡುತ್ತೆ. ವರ್ಗಮೂಲದ ಒಳಗೆ ಮೈನಸ್ ಸಂಖ್ಯೆ ಅಂತಿದೆ. ನೀರು ಮೈನಸ್ ಹೇಗೆ ಆಗುತ್ತೆ?

ಉತ್ತರ: ನಿಜವಾದ ನೀರು ಆಗಲ್ಲ, ಲೆಕ್ಕದ ನೀರು ಆಗುತ್ತೆ. ಸಮೀಕರಣ ಬಿಡಿಸುವ ಭಾಗ, ಅಂದರೆ ಸಾಲ್ವರ್, ಹೆಜ್ಜೆ ಹೆಜ್ಜೆಯಾಗಿ ಹೋಗುತ್ತದೆ. ಸೊನ್ನೆಯ ಹತ್ತಿರ ಒಂದು ಹೆಜ್ಜೆ ಸ್ವಲ್ಪ ಉದ್ದ ಇಟ್ಟರೂ ಮಟ್ಟ ಸೊನ್ನೆಯ ಕೆಳಗೆ ಇಳಿಯುತ್ತದೆ, ಅದರ ವರ್ಗಮೂಲ ಸಿಗಲ್ಲ. ವರ್ಗಮೂಲದೊಳಗೆ ಮಟ್ಟ ಮತ್ತು ಸೊನ್ನೆ, ಇವೆರಡರಲ್ಲಿ ದೊಡ್ಡದನ್ನು ತೆಗೆದುಕೋ ಅಂತ ಬರೆಯಿರಿ, ಸಾಕು. ಪಂಪಿನ ಮಾಡೆಲ್‌ನಲ್ಲಿ ಹರಿವು ಹಿಂದಕ್ಕೆ ತಿರುಗುವಾಗಲೂ ಇದೇ ಕಾಟ ಬರುತ್ತೆ. ಆಗ ಸೊನ್ನೆಯ ಹತ್ತಿರ ಗೆರೆಯನ್ನು ನುಣ್ಣಗೆ ಮಾಡುವ ಫಂಕ್ಷನ್ ಬೇಕು. ಮಾಡೆಲಿಕಾದ ಫ್ಲೂಯಿಡ್ ಲೈಬ್ರರಿಯಲ್ಲಿ ಅದು ಇದೆ.

ತಂಗಿ: ಮೇಡಂ, ಆ ತಂಗಿ ನಾನೇ. ಕೋಪಾಸಿಯಲ್ಲಿ ನನ್ನ ಸಬ್‌ಸ್ಟ್ರೇಟ್ (ಎಂಜೈಮ್ ಕೆಲಸ ಮಾಡುವ ವಸ್ತು) ಶುರುವಿನಲ್ಲೇ ಪೂರ್ತಿ ಖಾಲಿಯಾಗುತ್ತಿದೆ. ಲ್ಯಾಬಿನಲ್ಲಿ ಅರ್ಧ ಗಂಟೆ ಹಿಡಿಯುತ್ತೆ. ಕೆಎಂ, ಅಂದರೆ ವೇಗ ಗರಿಷ್ಠದ ಅರ್ಧವಾಗುವ ಸಬ್‌ಸ್ಟ್ರೇಟ್ ಸಾಂದ್ರತೆ, ಅದರ ಬೆಲೆ ಪೇಪರಿನಿಂದ ತೆಗೆದಿದ್ದು.

ಉತ್ತರ: ಪೇಪರಿನಲ್ಲಿ ಕೆಎಂ ಮಿಲಿಮೋಲಾರ್‌ನಲ್ಲಿತ್ತಾ, ನೀವು ಹಾಕಿದ್ದು ಮೈಕ್ರೋಮೋಲಾರ್ ಜಾಗದಲ್ಲಾ? ವೇಗ ಸೆಕೆಂಡಿಗೋ ನಿಮಿಷಕ್ಕೋ? ಹತ್ತರಲ್ಲಿ ಒಂಬತ್ತು ಸಲ ರೋಗ ಇಲ್ಲೇ ಇರುತ್ತದೆ. ಮಾಡೆಲ್ ಪುಟದಲ್ಲಿ ಸಮಯ, ಪ್ರಮಾಣ, ಗಾತ್ರದ ಯೂನಿಟ್ ನೋಡಿ. ಅಲ್ಲಿ ಯೂನಿಟ್ ಬದಲಿಸಿದರೆ ನಿಮ್ಮ ಅಂಕಿಗಳೂ ಬದಲಾಗುತ್ತವೆ ಅಂತ ನಂಬಿ ಕೂರಬೇಡಿ, ಒಂದೊಂದನ್ನೂ ಕೈಯಾರೆ ಲೆಕ್ಕ ಹಾಕಿ. ಪರೀಕ್ಷೆ ಸುಲಭ. ಸಬ್‌ಸ್ಟ್ರೇಟನ್ನು ಕೆಎಂನಷ್ಟೇ ಇಡಿ. ವೇಗ ಗರಿಷ್ಠ ವೇಗದ ಸರಿಯಾಗಿ ಅರ್ಧ ಬರಬೇಕು. 1913ರಲ್ಲಿ ಮೈಕೇಲಿಸ್ ಮತ್ತು ಮೆಂಟೆನ್ ಕೊಟ್ಟ ಸಮೀಕರಣ ಹೇಳುವುದೇ ಅದನ್ನು.

ಇನ್ನೊಬ್ಬರು: ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಬೊಮ್ಮಸಂದ್ರದಲ್ಲಿ ಕೆಲಸ. ಸಿಮ್ಯುಲಿಂಕ್ ಅನ್ನುವ ಸಾಫ್ಟ್‌ವೇರಿನಲ್ಲಿ ನಮ್ಮ ಫರ್ಮೆಂಟರ್ (ಕೋಶ ಬೆಳೆಸುವ ತೊಟ್ಟಿ) ಮಾಡೆಲ್ ರಾತ್ರಿಯಿಡೀ ಓಡುತ್ತೆ. ಒಳ್ಳೆಯ ಕಂಪ್ಯೂಟರ್ ಕೇಳಲಾ?

ಉತ್ತರ: ಕೇಳಿ, ಕೊಟ್ಟರೆ ಬೇಡ ಅನ್ನಬೇಡಿ. ಆದರೆ ಮೊದಲು ಸಾಲ್ವರ್ ನೋಡಿ. ಕೋಶ ಬೆಳೆಯಲು ಗಂಟೆಗಟ್ಟಲೆ ಬೇಕು, ಒಳಗಿನ ಕ್ರಿಯೆ ಸೆಕೆಂಡಿನೊಳಗೆ ಮುಗಿಯುತ್ತದೆ. ಇಂಥ ಸಿಸ್ಟಮ್ಮಿಗೆ ಸ್ಟಿಫ್ ಅನ್ನುತ್ತಾರೆ. ಓಡಿಇ45 ಅನ್ನುವ ಸಾಲ್ವರ್ ಇಟ್ಟಿದ್ದರೆ ಅದು ಆ ಸಣ್ಣ ಸಮಯಕ್ಕೆ ತಕ್ಕ ಪುಟ್ಟ ಹೆಜ್ಜೆಯನ್ನೇ ಕೊನೆತನಕ ಇಡುತ್ತಾ ಹೋಗುತ್ತೆ. ಸ್ಟಿಫ್ ಸಿಸ್ಟಮ್ಮಿಗೆಂದೇ ಇರುವ ಓಡಿಇ15ಎಸ್‌ಗೆ ಬದಲಿಸಿ ಮತ್ತೆ ಓಡಿಸಿ. ಎರಡರ ಗ್ರಾಫನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಒಂದಕ್ಕೊಂದು ಕೂತುಕೊಳ್ಳದಿದ್ದರೆ ಟಾಲರೆನ್ಸ್ (ಸಾಲ್ವರ್ ಒಪ್ಪುವ ತಪ್ಪಿನ ಮಿತಿ) ಎಷ್ಟಿದೆ ಅಂತ ಇಲ್ಲಿ ಹಾಕಿ, ನೋಡೋಣ.